ಸುಳಿಯ ಈಚೆ ದಂಡೆ

ರಾಮದುರ್ಗ
೨ ಫೆಬ್ರುವರಿ ೨೦೨೫

ಶ್ರೀ ಅನಿಕೇತ ಅವರಿಗೆ,

ನಮಸ್ಕಾರ. ನಾಳೆಯಿಂದ ಹದಿನೈದು ದಿನ ಆಟದ ಮಶೀನು ನಿಮ್ಮದು. ಎಂದಿನಂತೆ ಖಾಸಿಮಸಾಬರ ಬೇಕರಿ ಟೆಂಪೊದಲ್ಲಿ ಕಳಿಸುತ್ತಿದ್ದೇನೆ. ಚಾರ್ಜರ್ ಚೀಲದ ಒಳಜೇಬಿನಲ್ಲಿದೆ. ಹೋದ ಸಲ ನೀವು ಅದನ್ನು ಹಾಕಲು ಮರೆತು, ನಾನು ಎರಡು ದಿನ ಕಪ್ಪು ಪರದೆ ನೋಡುತ್ತ ಕುಳಿತಿದ್ದೆ.

ಈ ಕಾಗದಗಳಲ್ಲಿ ಆಟದ ಬಗ್ಗೆ ಮಾತ್ರ ಬರೆಯಬೇಕೆಂಬ ನಮ್ಮ ಕರಾರನ್ನು ಒಮ್ಮೆ ಮೀರುತ್ತೇನೆ. ವಕೀಲರು ಫೋನ್ ಮಾಡಿದ್ದರು. ಏಪ್ರಿಲ್ ಒಂಬತ್ತಕ್ಕೆ ಬೈಲಹೊಂಗಲದ ಕೋರ್ಟಿನಲ್ಲಿ ಇಬ್ಬರೂ ನಿಂತು ಇನ್ನೊಮ್ಮೆ ಒಪ್ಪಿಗೆ ಹೇಳಬೇಕಂತೆ. ಹೇಳಿದರೆ ನಮ್ಮ ಮದುವೆ ಅಲ್ಲಿಗೆ ಮುಗಿಯುತ್ತದೆ. ಪಾತ್ರೆ, ಪುಸ್ತಕ, ಕಪಾಟು ಎಲ್ಲ ಹಂಚಿಕೊಂಡ ಮೇಲೆ ಉಳಿದದ್ದು ಈ ಮಶೀನು ಒಂದೇ. ಅದು ಕೊನೆಗೆ ಯಾರ ಹತ್ತಿರ ಇರಬೇಕೆಂದು ಅಷ್ಟರೊಳಗೆ ಯೋಚಿಸಿಡಿ.

ಚೀಲ ಒಯ್ಯಲು ಬಂದಾಗಲೆಲ್ಲ ಖಾಸಿಮಸಾಬರದು ಒಂದೇ ಪ್ರಶ್ನೆ. “ಅಕ್ಕೋರ, ಇದೊಂದು ಡಬ್ಬಿ ಸಲುವಾಗಿ ಎಷ್ಟು ತಿರಗಾಡಸ್ತೀರಿ ನನ್ನ? ಇನ್ನೊಂದು ತೊಗೊಂಡ್ರ ಮುಗೀತಲ್ರಿ!” ವಿಚಾರ ಮಾಡುತ್ತೇನೆ ಎನ್ನುತ್ತೇನೆ.

ಈ ಪಾಳಿಯಲ್ಲಿ ಎರಡು ಆಟ ಆಡಿದೆ. ಮೊದಲನೆಯದು ಹಿಮ ಬೀಳುವ ಊರಿನ ಹೋಟೆಲಿನಲ್ಲಿ ನಡೆದ ಕೊಲೆಯದು, ಜಪಾನಿ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಹೋಟೆಲಿನ ಯಜಮಾನಿ, ಅಡುಗೆಯವಳು, ಪೊಲೀಸ್ ಅಧಿಕಾರಿ ಎಲ್ಲರೂ ಒಂದೇ ಶಾಲೆಯಲ್ಲಿ ಓದಿದವರಂತೆ ಮಾತನಾಡುತ್ತಾರೆ. ಅನುವಾದದ ಕಾದಂಬರಿ ಓದುವಾಗ ಬರುವ ಅನುಮಾನವೇ ಇಲ್ಲಿಯೂ ಬಂತು. ಮೂಲದಲ್ಲಿ ಅಡುಗೆಯವಳ ಮಾತಿನ ಧಾಟಿ ಬೇರೆ ಇದ್ದಿರಬೇಕು; ಬಹುಶಃ ಸುಳಿವೂ ಅದರಲ್ಲೇ ಇತ್ತು. ಕೊಲೆಗಾರ ಯಾರೆಂದು ಬರೆಯುವುದಿಲ್ಲ. ನೀವು ಕೊನೆಯ ಪುಟವನ್ನು ಮೊದಲು ಓದುವವರು ಎಂಬುದು ಗೊತ್ತಿದ್ದೂ ಬರೆಯುವುದಿಲ್ಲ.

ಎರಡನೆಯದು ನದಿಯ ಆಟ. ನನಗೆ ಹಿಡಿಸಿತು. ನೀವು ಒಬ್ಬ ಅಂಬಿಗಿತ್ತಿ. ದೋಣಿಯಲ್ಲಿ ಸಾಮಾನು ಹೇರಿಕೊಂಡು ಪ್ರವಾಹದ ಎದುರಿಗೆ ಹೋಗಬೇಕು. ದಾರಿಯಲ್ಲಿ ಏಳು ದಂಡೆಗಳಿವೆ. ಪ್ರತಿ ದಂಡೆಯಲ್ಲೂ ಒಂದು ದೀಪದ ಕಂಬ. ನಿಮ್ಮ ಎಣ್ಣೆ ಖರ್ಚು ಮಾಡಿ ಹಚ್ಚಬಹುದು, ಹಚ್ಚದೆಯೂ ಹೋಗಬಹುದು. ಹಚ್ಚಿದರೆ ಯಾವ ಲಾಭವೂ ಇಲ್ಲ. ನಾನು ಇಲ್ಲಿಯವರೆಗೆ ಸಿಕ್ಕ ಎಲ್ಲವನ್ನೂ ಹಚ್ಚಿದೆ. ಎರಡನೆಯ ದಂಡೆಯ ಅಂಗಡಿಯಲ್ಲಿ ಹಾಯಿಗೆ ಕೆಂಪು ಬಟ್ಟೆ ಕೊಂಡೆ. ಮೂರನೆಯ ದಂಡೆಯಲ್ಲಿ ಕಟ್ಟಿಗೆ ಹೊತ್ತ ಮುದುಕಿಯೊಬ್ಬಳು ಕೂಗುತ್ತಾಳೆ. ಅವಳನ್ನು ಹತ್ತಿಸಿಕೊಂಡರೆ ಸಾಮಾನಿಗೆ ಜಾಗ ಕಡಿಮೆ. ಹತ್ತಿಸಿಕೊಂಡೆ.

ಆಟದ ಮೊದಲಿಗೆ ದೋಣಿಗೆ ಹೆಸರು ಕೇಳುತ್ತದೆ. ಮಲಪ್ರಭಾ ಎಂದು ಕೊಟ್ಟೆ. ರಾಮದುರ್ಗದಲ್ಲಿ ಕುಳಿತವಳಿಗೆ ಇನ್ನೇನು ಹೊಳೆಯಬೇಕು? ಹೆಸರು ದೋಣಿಯ ತಳದಲ್ಲಿರುತ್ತದೆ. ದಂಡೆಯ ಮೇಲೆ ಎಳೆದು, ಬೋರಲು ಹಾಕಿ, ಒಣಗಿಸಿದಾಗ ಮಾತ್ರ ಕಾಣುತ್ತದೆ. ಒಣಗಿಸುವುದೂ ಕಡ್ಡಾಯವಲ್ಲ. ಅವಸರದವರು ಆ ಹೆಸರನ್ನು ಮತ್ತೆ ನೋಡುವುದೇ ಇಲ್ಲ.

ಆಡಿದ್ದನ್ನು ಉಳಿಸಿಡಲು ಆಟದಲ್ಲಿ ಮೂರು ಖಾನೆಗಳಿವೆ. ಮೊದಲನೆಯದು ನನ್ನದು. ನೀವು ಎರಡನೆಯದರಲ್ಲಿ ಆಡಿ.

ಇತಿ,
ಪದ್ಮಜಾ

ತಾ.ಕ.: ಚೀಲದ ಹೊಲಿಗೆ ಬಿಚ್ಚಿತ್ತು, ಹಾಕಿದ್ದೇನೆ. ನಿಮ್ಮ ಅವ್ವನವರ ಖಣದ ಬಟ್ಟೆ ಇನ್ನೂ ಗಟ್ಟಿಯಿದೆ.


ಕಿತ್ತೂರು
೧೬ ಫೆಬ್ರುವರಿ ೨೦೨೫

ಪದ್ಮಜಾಗೆ,

ಚಾರ್ಜರ್ ಹಾಕಿದ್ದೇನೆ. ಮೊದಲು ಅದನ್ನೇ ಹಾಕಿದೆ, ಆಮೇಲೆ ಮಶೀನು.

ನಾನು ಹೆಚ್ಚಾಗಿ ಆಡಿದ್ದು ಲಾರಿ ಓಡಿಸುವ ಆಟ. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕುಳಿತು ದಿನವಿಡೀ ಕಬ್ಬಿನ ಟ್ರ್ಯಾಕ್ಟರ್ ತೂಗುವವನಿಗೆ ಸಂಜೆ ಮನೆಗೆ ಬಂದು ಮತ್ತೆ ಲಾರಿ ಯಾಕೆ ಎಂದು ನೀನು ಕೇಳಬಹುದು. ಅಲ್ಲಿಯ ರಸ್ತೆಗಳು ಖಾಲಿ. ಎರಡು ಟ್ರೇಲರ್ ಕಟ್ಟಿಕೊಂಡು ಹಾಡು ಹಚ್ಚಿ ನಡು ರಸ್ತೆಯಲ್ಲಿ ಬರುವವರು ಯಾರೂ ಇಲ್ಲ. ನಾನೊಬ್ಬನೇ ಪಲ್ಟಿ ಹೊಡೆಯುವವನು.

ಖಾಸಿಮಸಾಬರು ಚೀಲ ಕೊಡಲು ಬಂದವರು ಚಹಾ ಕುಡಿಯುತ್ತ ನೋಡಿದರು. “ತಮ್ಮಾ, ಕೊಡ ಇಲ್ಲೆ, ನಿನಗ ಗಾಡಿ ಬರಂಗಿಲ್ಲ” ಎಂದು ಇಸಿದುಕೊಂಡರು. ಹತ್ತು ನಿಮಿಷ ಚೆನ್ನಾಗಿಯೇ ಓಡಿಸಿದರು. ಆಮೇಲೆ ಪರದೆಯನ್ನೆಲ್ಲ ಒತ್ತಿ ಒತ್ತಿ ನೋಡಿ, “ಹಾರ್ನ್ ಎಲ್ಲೈತಿ?” ಎಂದರು. ಆ ದೇಶದಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ ಎಂದೆ. “ಹಾರ್ನ್ ಇಲ್ಲದ ಗಾಡಿ ಎಂಥಾ ಗಾಡೀಪಾ! ಮುರಗೋಡ ದಾಟೂದ್ರಾಗ ನಾಕ್ ಎಮ್ಮಿ ಮ್ಯಾಲ ಹಾಯ್ತಾವ” ಎಂದು ಮಶೀನು ಕೆಳಗಿಟ್ಟುಬಿಟ್ಟರು.

ಅವ್ವ ಬಣ್ಣದ ಹರಳು ಜೋಡಿಸುವ ಆಟ ಹಿಡಿದಿದ್ದಾಳೆ. ಮೂರು ಹರಳು ಒಂದೇ ಸಾಲಿಗೆ ಬಂದರೆ ಮಾಯವಾಗುತ್ತವೆ, ನಿನಗೆ ಗೊತ್ತು. “ಹಾಕಿದ ರಂಗೋಲಿ ಅಳಸೂ ಆಟ ಇದು, ನನಗ ಬ್ಯಾಡಪಾ” ಎಂದಳು. ಅಂದ ಮೇಲೆ ಹಾಲು ಉಕ್ಕಿ ಒಲೆಯೆಲ್ಲ ಆಗುವವರೆಗೆ ಆಡಿದಳು. “ಪದ್ಮಜಾಂದು ಎಷ್ಟು ಆಗ್ಯದ ನೋಡು, ಆಕಿಗಿಂತ ಒಂದರೆ ಹೆಚ್ಚು ಮಾಡ್ತೀನಿ” ಎನ್ನುತ್ತಾಳೆ. ಸದ್ಯ ನಿನ್ನದೇ ಹೆಚ್ಚಿದೆ. ಹೇಳಿಲ್ಲ.

ನದಿಯ ಆಟವನ್ನು ಎರಡನೆಯ ಖಾನೆಯಲ್ಲಿ ಆಡಿ ಮುಗಿಸಿದೆ. ದೀಪ ಹಚ್ಚಲಿಲ್ಲ, ಎಣ್ಣೆ ಉಳಿಸಿದರೆ ಕೊನೆಯಲ್ಲಿ ಬೇಕಾಗುತ್ತದೆ ಎಂದುಕೊಂಡೆ, ಬೇಕಾಗಲಿಲ್ಲ. ಮುದುಕಿಯನ್ನು ಹತ್ತಿಸಲಿಲ್ಲ. ನಾಲ್ಕನೆಯ ದಂಡೆಯ ಮುಂದೆ ಒಂದು ಸುಳಿ ಇದೆ. ನೋಡಲು ಭಯಂಕರ, ದಾಟುವುದು ಕಷ್ಟವಲ್ಲ. ಕೊನೆ ಹೇಳುವುದಿಲ್ಲ.

ಇನ್ನೊಂದು, ಇದು ಆಟದ ವಿಷಯವಲ್ಲ. ನಮ್ಮ ಹಳೆಯ ಸ್ಕೂಟರು ಹಿತ್ತಲಲ್ಲಿ ನಿಂತೇ ಇದೆ. ಮೆಕ್ಯಾನಿಕ್ ಸುಭಾಸ ಬಂದು, “ಶಟ್ಟೆವ್ವನ್ನ ಬಿಚ್ಚಿ ಸ್ಪೇರ್ ಪಾರ್ಟ್ ಮಾಡ್ತೀನಿ, ಕೊಡ್ರಿ” ಎಂದು ಕೇಳಿದ. ಅವನೂ ಅದನ್ನು ಆ ಹೆಸರಿನಿಂದಲೇ ಕರೆಯುತ್ತಾನೆ. ಓಣಿಯ ಶಟ್ಟೆವ್ವಜ್ಜಿ ಮೂರು ಸಲ ಕರೆದರೂ ಓ ಎನ್ನುವುದಿಲ್ಲ, ಇದೂ ಮೂರು ಕಿಕ್ಕಿಗೆ ಓ ಎನ್ನುವುದಿಲ್ಲ ಎಂದು ನೀನು ಇಟ್ಟ ಹೆಸರು ಊರಿಗೆಲ್ಲ ಹರಡಿದೆ. ಕೊಡಲೋ ಬೇಡವೋ ಎಂದು ಕೇಳಲು ಬರೆದೆ.

ಅನಿಕೇತ

ತಾ.ಕ.: ಹಾಲು ಉಕ್ಕಿದ್ದು ನಾನು ಹೇಳಿದೆನೆಂದು ಅವ್ವನಿಗೆ ಗೊತ್ತಾಗುವುದು ಬೇಡ.


ರಾಮದುರ್ಗ
೨ ಮಾರ್ಚ್ ೨೦೨೫

ಶ್ರೀ ಅನಿಕೇತ ಅವರಿಗೆ,

ನಮಸ್ಕಾರ. ಸ್ಕೂಟರು ಆಟದ ವಿಷಯವಲ್ಲ. ಅದು ನಿಮ್ಮ ಪಾಲಿಗೆ ಬಂದ ವಸ್ತು. ನಿಮಗೆ ತಿಳಿದಂತೆ ಮಾಡಿ.

ಹರಳಿನ ಆಟದಲ್ಲಿ ನನ್ನ ಅಂಕಗಳನ್ನು ಅಳಿಸಿದ್ದೇನೆ. ನಿಮ್ಮ ಅವ್ವನವರು ಈಗ ಮೊದಲಿಗರು. ಅಳಿಸಿದ್ದನ್ನು ಅವರಿಗೆ ಹೇಳಬೇಡಿ.

ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿದೆ, ಆಡಲು ಸಿಕ್ಕ ಹೊತ್ತು ಕಡಿಮೆ. ಸಿಕ್ಕ ಹೊತ್ತನ್ನೆಲ್ಲ ನದಿಯಲ್ಲೇ ಕಳೆದೆ. ನೀವು ಕಷ್ಟವಲ್ಲ ಎಂದು ಬರೆದ ಸುಳಿಯ ಈಚೆ ದಂಡೆಯಲ್ಲೇ ಇದ್ದೇನೆ. ದೋಣಿ ಪ್ರತಿ ಸಲ ಎಡಕ್ಕೆ ವಾಲುತ್ತದೆ, ಸಾಮಾನು ನೆನೆಯುತ್ತದೆ, ನಾಲ್ಕನೆಯ ದಂಡೆಗೆ ಬಂದು ಬೀಳುತ್ತೇನೆ. ನನಗೆ ಅದರ ಬೇಸರವಿಲ್ಲ. ಪ್ರತಿ ಸಲ ಸ್ವಲ್ಪ ಮುಂದೆ ಹೋಗಿ ಬೀಳುತ್ತಿದ್ದೇನೆ, ಮತ್ತು ಬೀಳುವ ಜಾಗ ಈಗ ನನಗೆ ಗೊತ್ತು. ನೀರಿನ ಸದ್ದನ್ನು ಚೆನ್ನಾಗಿ ಮಾಡಿದ್ದಾರೆ. ಸುಳಿ ಹತ್ತಿರ ಬಂದಾಗ ಸದ್ದು ಜೋರಾಗುವುದಿಲ್ಲ, ದಪ್ಪವಾಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ನನ್ನ ಖಾನೆಯನ್ನು ಮುಟ್ಟಬೇಡಿ. ಸುಳಿ ದಾಟಿ ಐದನೆಯ ದಂಡೆ ಸೇರಿದ ಕೂಡಲೇ ಆಟ ತಾನೇ ಅದನ್ನು ಬರೆದುಕೊಳ್ಳುತ್ತದೆ, ಮತ್ತೆ ಹಿಂದಕ್ಕೆ ಬರಲಾಗುವುದಿಲ್ಲ. ನೀವು ಮುಗಿಸಿದ್ದೀರಿ, ನಿಮಗೆ ಗೊತ್ತೇ ಇದೆ.

ಮದುವೆಯಾದ ಹೊಸತರಲ್ಲಿ ನಾನು ಯಾವುದೇ ಆಟದಲ್ಲಿ ಎರಡು ಸಲ ಬಿದ್ದರೆ ನೀವು ಕೈ ಚಾಚುತ್ತಿದ್ದಿರಿ. “ಕೊಡಿಲ್ಲೆ, ದಾಟಿಸಿ ಕೊಡ್ತೀನಿ.” ದಾಟಿಸಿ, ನಗುತ್ತ, ಮರಳಿ ಕೊಡುತ್ತಿದ್ದಿರಿ. ಅಲ್ಲಿಂದ ಮುಂದೆ ಆ ಆಟ ನನಗೆ ಸಪ್ಪೆಯಾಗುತ್ತಿತ್ತು. ಯಾಕೆ ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೋದ ವರ್ಷ ನನ್ನ ಹೆಸರಿನಲ್ಲಿ ಕಿತ್ತೂರಿಗೆ ವರ್ಗಾವಣೆಯ ಅರ್ಜಿ ತುಂಬಿ ಕಳಿಸಿದಿರಿ. ನಮ್ಮ ಹೆಡ್‌ಮಾಸ್ತರರು ಎಲ್ಲರೆದುರಿಗೆ, “ಯಾಕ್ರಿ ಅಕ್ಕೋರ, ನಮ್ಮ ಸಾಲಿ ಬ್ಯಾಡಾತೇನ್ರಿ?” ಎಂದು ಕೇಳಿದಾಗ ನನಗೆ ಅದು ಗೊತ್ತಾಯಿತು. ನೀವು ಆಗಲೂ ಅದನ್ನೇ ಹೇಳಿದಿರಿ. ನಿನಗೆ ತ್ರಾಸು ಆಗಬಾರದೆಂದು ನಾನೇ ಮುಗಿಸಿದೆ, ಎಂದು.

ಕರಾರು ಮೀರಿದೆ. ಕ್ಷಮಿಸಿ. ಆದರೆ ಇದು ಆಟದ ಬಗ್ಗೆಯೂ ಹೌದು.

ಏಪ್ರಿಲ್ ಒಂಬತ್ತು ಬುಧವಾರ. ರಜೆ ಹಾಕಿದ್ದೇನೆ.

ಇತಿ,
ಪದ್ಮಜಾ

ತಾ.ಕ.: ಮಶೀನು ನೀವೇ ಇಟ್ಟುಕೊಳ್ಳಿ ಎಂದು ಬರೆಯಬೇಕೆಂದಿದ್ದೆ. ಸುಳಿ ದಾಟಿದ ಮೇಲೆ ಬರೆಯುತ್ತೇನೆ.


ಕಿತ್ತೂರು
೨೩ ಮಾರ್ಚ್ ೨೦೨೫

ಪದ್ಮಜಾಗೆ,

ಒಂದು ವಾರ ತಡವಾಯಿತು. ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿಯುವ ಗಡಿಬಿಡಿ, ಕಾಟಾ ಬಿಟ್ಟು ಏಳಲು ಆಗಲಿಲ್ಲ. ಖಾಸಿಮಸಾಬರು ಬಂದಾಗ ಮಶೀನು ಚಾರ್ಜ್ ಆಗಿರಲಿಲ್ಲ, ಅದಕ್ಕೆ ಮುಂದಿನ ಸೋಮವಾರ ಬರಲು ಹೇಳಿದೆ.

ಹೊಸ ಆಟ ಯಾವುದನ್ನೂ ಆಡಲಿಲ್ಲ. ನದಿಯದನ್ನೇ ಇನ್ನೊಮ್ಮೆ ನಿಧಾನವಾಗಿ ಆಡಿದೆ. ದೀಪ ಹಚ್ಚಿ ಲಾಭವಿಲ್ಲ ಎಂದು ನೀನು ಬರೆದಿದ್ದೆ. ಲಾಭವಿಲ್ಲ, ನಿಜ. ಆದರೆ ನಾಲ್ಕನೆಯ ದಂಡೆಯಲ್ಲಿ ಮಂಜು ಬಿದ್ದಾಗ ತಿರುಗಿ ನೋಡಿದರೆ ಹಿಂದಿನ ಮೂರೂ ದೀಪ ಕಾಣುತ್ತವೆ. ಮೊದಲ ಸಲ ಆಡಿದಾಗ ನನ್ನ ಹಿಂದೆ ಬರೀ ಕತ್ತಲೆ ಇತ್ತು, ಅದು ಆಟದ ರೀತಿಯೇ ಇರಬೇಕೆಂದುಕೊಂಡಿದ್ದೆ.

ಕಟ್ಟಿಗೆಯ ಮುದುಕಿ ದೋಣಿ ಹತ್ತಿದ ಮೇಲೆ ಮಾತನಾಡುತ್ತಾಳೆ ಎಂದು ನೀನು ಬರೆದಿರಲಿಲ್ಲ. ಬಹಳ ಮಾತನಾಡುತ್ತಾಳೆ. ಅವ್ವ ಕೇಳಿಸಿಕೊಂಡು, ಯಾವ ಭಾಷೆ ಎಂದು ತಿಳಿಯದೆಯೂ, “ಸೊಸೀ ಮ್ಯಾಲ ಹೇಳ್ಳಿಕ್ಕ ಹತ್ಯಾಳ” ಎಂದಳು. ಸರಿಯಾಗಿಯೇ ಇತ್ತು.

ಹರಳಿನ ಆಟದಲ್ಲಿ ತಾನೇ ಮೊದಲು ಎಂದು ಅವ್ವ ಓಣಿಯಲ್ಲೆಲ್ಲ ಹೇಳಿದ್ದಾಳೆ.

ನಿನ್ನ ಖಾನೆ ನೀನು ಬಿಟ್ಟಲ್ಲೇ ಇದೆ. ಸುಳಿಯ ಈಚೆ.

ಒಂಬತ್ತಕ್ಕೆ ಹತ್ತು ಗಂಟೆಯೊಳಗೆ ಬೈಲಹೊಂಗಲಕ್ಕೆ ಬರುತ್ತೇನೆ. ನೀನು ಏನು ಹೇಳುತ್ತೀಯೋ ಅದಕ್ಕೆ ಹೌದು ಎನ್ನುತ್ತೇನೆ.

ಅನಿಕೇತ

ತಾ.ಕ.: ಚಾರ್ಜರ್ ಒಳಜೇಬಿನಲ್ಲಿದೆ.


ರಾಮದುರ್ಗ
೬ ಏಪ್ರಿಲ್ ೨೦೨೫

ಅನಿಕೇತ ಅವರಿಗೆ,

ನಮಸ್ಕಾರ. ಬುಧವಾರಕ್ಕೆ ಮೊದಲು ಇದು ನಿಮ್ಮ ಕೈಸೇರಬೇಕು, ಅದಕ್ಕೆ ಭಾನುವಾರದ ಕೆಲಸಗಳನ್ನೆಲ್ಲ ಬದಿಗಿಟ್ಟು ಬರೆಯುತ್ತಿದ್ದೇನೆ.

ಮಶೀನು ಬಂದ ಸಂಜೆಯೇ ನನ್ನ ಖಾನೆ ತೆಗೆದೆ. ನಾಲ್ಕನೆಯ ದಂಡೆ, ಮುಂದೆ ಸುಳಿ. ಹಿಂದೆ ದೀಪಗಳು. ಹಾಯಿ ಕೆಂಪು. ದಂಡೆಯ ಮೇಲೆ ಮುದುಕಿ ತನ್ನ ಕಟ್ಟಿಗೆಯ ಹೊರೆ ಇಟ್ಟುಕೊಂಡು ಕುಳಿತಿದ್ದಳು. ಎಲ್ಲವೂ ನಾನು ನಿಮಗೆ ಬರೆದ ಹಾಗೆಯೇ ಇತ್ತು. ಸುಳಿಗೆ ಇಳಿದೆ, ಬಿದ್ದೆ, ಮರಳಿ ಬಂದೆ. ಬಹಳ ನೆನೆದಿದ್ದರಿಂದ ದೋಣಿಯನ್ನು ಎಳೆದು ಬೋರಲು ಹಾಕಿದೆ. ತಳದಲ್ಲಿ ಮಲಪ್ರಭಾ ಎಂದಿತ್ತು.

ನನ್ನ ದೋಣಿಯ ಹೆಸರು ಅದಲ್ಲ. ಮಲಪ್ರಭಾ ಎಂಬ ಹೆಸರು ನಾನು ನಿಮಗೆ ಬರೆದ ಕಾಗದದಲ್ಲಿ ಮಾತ್ರ ಇತ್ತು.

ಎದ್ದು ಚಹಾ ಮಾಡಿಕೊಂಡು ಬಂದು ಮತ್ತೆ ನೋಡಿದೆ. ಇದು ನನ್ನ ಆಟವಲ್ಲ, ನನ್ನ ಕಾಗದ ಓದಿದವರು ಹೊಸದಾಗಿ ಕಟ್ಟಿದ ಆಟ. ಹಾಗೆ ಕಟ್ಟಲು ಒಂದೇ ಕಾರಣ ಇರಲು ಸಾಧ್ಯ. ಮುಟ್ಟಬೇಡಿ ಎಂದರೂ ನೀವು ನನ್ನ ಖಾನೆ ತೆಗೆದಿರಿ. ದಾಟಿಸಿದಿರಿ. ಆಟ ಅದನ್ನು ಬರೆದುಕೊಂಡಿತು, ಹಿಂದಕ್ಕೆ ಬರುವ ದಾರಿ ಮುಚ್ಚಿತು. ಆಗ ನೀವು ಅದನ್ನು ಅಳಿಸಿ, ಮೊದಲ ದಂಡೆಯಿಂದ ಹೊರಟು, ನಾನಿದ್ದಲ್ಲಿಗೆ ಬಂದು ನಿಲ್ಲಿಸಿದಿರಿ.

ಉಳಿದದ್ದನ್ನು ಖಾಸಿಮಸಾಬರು ಹೇಳಿದರು. ಹಂಗಾಮಿನ ಗಡಿಬಿಡಿ ಮುಗಿಯಿತೇ ಎಂದು ಸುಮ್ಮನೆ ಕೇಳಿದ್ದೆ. “ಎಲ್ಲೀ ಹಂಗಾಮ್ರಿ ಅಕ್ಕೋರ? ಫ್ಯಾಕ್ಟರಿ ಬಂದ್ ಆಗಿ ಭಾಳ ದಿನಾ ಆತು. ಸಾಹೇಬ್ರು ಮನಿ ಕಟ್ಟಿ ಮ್ಯಾಲ ಕುಂತು ಡಬ್ಬಿ ಒತ್ತಾಕತ್ತಿದ್ರು. ಮಗ್ಗಲಕ ನಿಮ್ಮ ಕಾಗದ. ಒಂದ್ ಸಾಲ ಓದೂದು, ಒಮ್ಮೆ ಒತ್ತೂದು. ಕಾಪಿ ಹೊಡಿಯೂ ಹುಡುಗರಗತೆ. ಚೀಲಾ ಕೊಡ್ರಿ ಅಂದ್ರ, ಇನ್ನೂ ಮೂರನೇ ದಂಡ್ಯಾಗ ಅದೇನಿ, ಮುಂದಿನ ವಾರ ಬರ್ರಿ ಅಂದ್ರು. ಇವರಿಗೆ ಏನರ ಆಗೇತಿ ಅಂತ ಅವರ ಅವ್ವ ಇಂದಿರಾಬಾಯಾರನ್ನ ಕೇಳಿದ್ರ, ಅವರು ‘ಸುಮ್ನಿರು, ಕಲೀಲಿಕ್ಕ ಹತ್ಯಾನ’ ಅಂದ್ರು.”

ಮೊದಲು ಸಿಟ್ಟು ಬಂತು. ಎರಡು ದಿನ ಇತ್ತು. ಸಿಟ್ಟಿಗೆ ಕಾರಣಗಳಿವೆ, ಅವು ಈಗಲೂ ಇವೆ. ದಾಟಿಸಿದ್ದನ್ನು ನೀವು ಹೇಳಲಿಲ್ಲ. ಮರಳಿ ತಂದದ್ದನ್ನೂ ಹೇಳಲಿಲ್ಲ. ಗಡಿಬಿಡಿ ಎಂದು ಬರೆದಿರಿ, ಬಿಟ್ಟಲ್ಲೇ ಇದೆ ಎಂದು ಬರೆದಿರಿ. ನನಗೆ ತಿಳಿಯದಂತೆ ನನ್ನ ಕೆಲಸ ಮಾಡಿ ಮುಗಿಸುವುದು ನಿಮ್ಮ ಹಳೆಯ ರೋಗ. ಈ ಸಲ ಅದನ್ನು ಎರಡು ಸಲ ಮಾಡಿದ್ದೀರಿ.

ಆದರೆ ಎರಡನೆಯದು ಬೇರೆ ಥರದ್ದು ಎಂಬುದನ್ನು ನಾನು ಬರೆಯದಿದ್ದರೆ ತಪ್ಪಾಗುತ್ತದೆ. ಇಲ್ಲಿಯವರೆಗೆ ನೀವು ನನ್ನನ್ನು ಆಚೆಗೆ ಒಯ್ದು ಬಿಟ್ಟದ್ದೇ ಇತ್ತು. ಈಚೆಗೆ ತಂದದ್ದು ಇದೇ ಮೊದಲು. ಅದಕ್ಕಾಗಿ ನೀವು ದೀಪ ಹಚ್ಚಬೇಕಾಯಿತು, ಮುದುಕಿಯ ಸೊಸೆಯ ಪುರಾಣ ಕೇಳಬೇಕಾಯಿತು. ನನ್ನ ಕಾಗದಗಳನ್ನು ಸಾಲು ಬಿಡದೆ ಓದಬೇಕಾಯಿತು. ನೀವು ಯಾವ ಪುಸ್ತಕವನ್ನೂ ಹಾಗೆ ಓದಿದ್ದನ್ನು ನಾನು ಕಂಡಿಲ್ಲ.

ಬುಧವಾರ ನಾನು ಬೈಲಹೊಂಗಲಕ್ಕೆ ಬರುತ್ತೇನೆ. ಒಪ್ಪಿಗೆ ಹೇಳುವುದಿಲ್ಲ. ಮುಂದಿನ ತಾರೀಖು ಕೇಳುತ್ತೇನೆ. ವಕೀಲರಿಗೆ ತಿಳಿಸಿದ್ದೇನೆ, ಅವರಿಗೆ ಸಂತೋಷವಾಗಲಿಲ್ಲ. ನಾನು ಏನು ಹೇಳಿದರೂ ಹೌದು ಎನ್ನುತ್ತೇನೆ ಎಂದು ಬರೆದಿದ್ದೀರಿ. ಹಾಗೆ ಎನ್ನಬೇಡಿ. ನಿಮಗೆ ಏನು ಬೇಕೋ ಅದನ್ನು ಹೇಳಿ. ಇದು ನಾನು ಕಿತ್ತೂರಿಗೆ ಬರುತ್ತೇನೆ ಎಂಬ ಮಾತಲ್ಲ. ನನ್ನ ಶಾಲೆ ರಾಮದುರ್ಗದಲ್ಲಿದೆ, ಇಲ್ಲೇ ಇರುತ್ತದೆ. ಮುಂದಿನ ತಾರೀಖಿನೊಳಗೆ ನೀವು ಒಂದು ಕಾಗದ ಬರೆಯಬೇಕು. ಸುಳಿಯ ಹತ್ತಿರ ನಿಜವಾಗಿ ಏನಾಯಿತೆಂದು, ನೀವೇ, ಮೊದಲಿನಿಂದ. ನನಗೆ ಗೊತ್ತಿದೆ ಎಂದು ಬಿಟ್ಟುಬಿಡಬೇಡಿ.

ಆಟದ ವಿಷಯ: ನಾನು ಇನ್ನೂ ದಾಟಿಲ್ಲ. ನೀವು ಕಟ್ಟಿದ ಖಾನೆಯಲ್ಲೇ ಆಡುತ್ತಿದ್ದೇನೆ, ಅಳಿಸಿಲ್ಲ. ಬೀಳುವ ಜಾಗ ಇನ್ನಷ್ಟು ಮುಂದಕ್ಕೆ ಹೋಗಿದೆ. ಮಶೀನನ್ನು ಹಾಗೆಯೇ ಕಳಿಸುತ್ತಿದ್ದೇನೆ, ಸುಳಿಯ ಈಚೆ. ಹದಿನೈದು ದಿನಕ್ಕೆ ನನಗೆ ಅದು ಅಲ್ಲೇ ಸಿಗಬೇಕು.

ನಿಮ್ಮ ಅವ್ವನವರಿಗೆ ನಮಸ್ಕಾರ ತಿಳಿಸಿ.

ನಿಮ್ಮ,
ಪದ್ಮಜಾ

ತಾ.ಕ.: ಹೊಸ ಆಟದಲ್ಲಿ ಹೆಸರು ತಿದ್ದಲು ಬರುವುದಿಲ್ಲ, ಆದ್ದರಿಂದ ದೋಣಿ ಇನ್ನು ಮಲಪ್ರಭಾ ಆಗಿಯೇ ಇರಲಿ. ನಾನು ಮೊದಲು ಇಟ್ಟಿದ್ದ, ನಿಮಗೆ ಬರೆಯಲು ಸಂಕೋಚಪಟ್ಟ ಹೆಸರು ಶಟ್ಟೆವ್ವ. ಸ್ಕೂಟರನ್ನು ಸುಭಾಸನಿಗೆ ಇನ್ನೂ ಕೊಟ್ಟಿಲ್ಲವಾದರೆ ಕೊಡಬೇಡಿ.